ಅಂಗೈಯಲ್ಲಿ ಹರಿದ ಕಾವೇರಿ

"ಲೇ, ಹೆಣ್ಣು ಹೂ ಬಿಟ್ಟಿದೆ, ಬೇಗ ಬಾ!" ಎಂದು ನಮ್ಮ ಮನೆಯವರು ತಾರಸಿಯಿಂದ ಕೂಗಿದರೆ ಸಾಕು, ಕಾಫಿ ಲೋಟ ಅಲ್ಲೇ ಇಟ್ಟು ಮೆಟ್ಟಿಲು ಹತ್ತುತ್ತೇನೆ. ಸಿಹಿಗುಂಬಳದ ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡಿಬಿಡುತ್ತದೆ. ನಮ್ಮ ತಾರಸಿಗೆ ಜೇನು ಬರುವುದು ಅಪರೂಪ. ಹಾಗಾಗಿ ಅದರ ಕೆಲಸ ನಮ್ಮ ಪಾಲಿಗೆ. ಅವರು ಗಂಡು ಹೂ ಕಿತ್ತು ಎಸಳು ಬಿಡಿಸಿ ಕೊಡುತ್ತಾರೆ; ನಾನು ಅದರ ಹಳದಿ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರುತ್ತೇನೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಮೊದಲೇ ಇರುತ್ತದೆ. ಪರಾಗ ಕೂಡಿತೋ, ದಿನದಿನಕ್ಕೂ ದಪ್ಪಗಾಗುತ್ತದೆ. ಇಲ್ಲವೋ, ಹಳದಿಯಾಗಿ ಉದುರಿಹೋಗುತ್ತದೆ.

ಅವರು ಬ್ಯಾಂಕಿನಿಂದ, ನಾನು ಶಾಲೆಯಿಂದ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದೇವೆ. ವಾರದ ಒಂದೊಂದು ದಿನಕ್ಕೂ ಒಂದೊಂದು ಕೆಲಸ. ಸೋಮವಾರ ಗೊಬ್ಬರದ ಡ್ರಮ್ಮು ಮಗುಚುವುದು: ತರಕಾರಿ ಸಿಪ್ಪೆಗೆ ಒಣಗಿದ ಎಲೆ ಬೆರೆಸಿ, ಮೇಲೆ ಹುಳಿ ಮಜ್ಜಿಗೆ ಚಿಮುಕಿಸಿ ಮುಚ್ಚಿಟ್ಟರೆ ಕೆಲವು ವಾರಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಮಂಗಳವಾರ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲನ್ನೂ ಹತ್ತುವ ಹಟವಿಲ್ಲ. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿಯ ತನಕ ಹೋಗಿ, ಅಲ್ಲಿಯ ಗಾಳಿಗೆ ಮೈಯೊಡ್ಡಿ ಕೂರುತ್ತೇವೆ. ಗುರುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ, ಶುಕ್ರವಾರ ದೇವರಾಜ ಮಾರುಕಟ್ಟೆ, ಭಾನುವಾರ ತಿರುಗಾಟ.

ಬುಧವಾರ, ಶನಿವಾರದ ಮಧ್ಯಾಹ್ನಗಳನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಕಣ್ಣು ಕಾಣದ ಕಾಲೇಜು ಮಕ್ಕಳಿಗೆ ಅಂದು ಪಾಠ ಓದಿ ಧ್ವನಿಮುದ್ರಿಸಿ ಕೊಡುತ್ತೇವೆ. ನಮ್ಮ ಮನೆಯವರದು ಅರ್ಥಶಾಸ್ತ್ರ, ನನ್ನದು ಕನ್ನಡ, ಭೂಗೋಳ. ಸ್ಪಷ್ಟವಾಗಿ ಓದಿದರೆ ಆಯಿತು ಅಂದುಕೊಂಡಿದ್ದೆ. "ಚಿತ್ರದಲ್ಲಿ ಏನಿದೆ ಮೇಡಂ?" ಎಂದು ಮಕ್ಕಳು ಕೇಳತೊಡಗಿದ ಮೇಲೆ, ಕಂಡದ್ದನ್ನೆಲ್ಲ ಮಾತಾಗಿಸಿ ಹೊತ್ತು ತರುವ ಅಭ್ಯಾಸವಾಯಿತು.

ಈಚಿನ ಒಂದು ಭಾನುವಾರ ರಂಗನತಿಟ್ಟಿಗೆ ಹೋಗಿದ್ದೆವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಗೂಡಿನ ಮರಿಗಳಿಗೆ ಮೀನು ತರುವ ಹೆಜ್ಜಾರ್ಲೆ. ನಾನು ಮಾತ್ರ ಕಾವೇರಿಯ ನೀರನ್ನೇ ನೋಡುತ್ತಿದ್ದೆ: ನಡುಗಡ್ಡೆ ಎದುರಾದಾಗ ಅದು ಸೀಳಿ, ಬಳಸಿ, ಮತ್ತೆ ಕೂಡುವ ಬಗೆಯನ್ನು.

ಬುಧವಾರ ಒಬ್ಬ ಹುಡುಗಿ ಅದನ್ನೇ ಕೇಳಿದಳು. "ನದಿ ಕವಲೊಡೆಯೋದು ಅಂದ್ರೆ ಹೇಗೆ ಮೇಡಂ?" ಅವಳ ಅಂಗೈ ಬಿಡಿಸಿದೆ. ಮಣಿಕಟ್ಟು ಕೊಡಗಿನ ತಲಕಾವೇರಿ. ನೆರೆಮನೆಗೆ ಕೊಡಲೆಂದು ಚೀಲದಲ್ಲಿಟ್ಟಿದ್ದ ಕುಂಬಳದ ಬೀಜ ಮೂರನ್ನು ಸಾಲಾಗಿ ಇಟ್ಟೆ: ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ. ಒಂದೊಂದು ಬೀಜದ ಎರಡೂ ಪಕ್ಕ ಬೆರಳಾಡಿಸಿ ಮುಂದೆ ಕೂಡಿಸಿದೆ. ಸುಮಾರು 800 ಕಿಲೋಮೀಟರ್ ಹರಿವು ಅವಳ ನಡುಬೆರಳ ತುದಿಯಲ್ಲಿ ಬಂಗಾಳ ಕೊಲ್ಲಿ ಸೇರಿತು. ಅವಳು ಎಡಗೈಯಿಂದ ಅದೇ ದಾರಿಯನ್ನು ಇನ್ನೊಮ್ಮೆ ತಡವಿದಳು. "ಈ ಬೀಜ ನಾನು ಇಟ್ಕೊಳ್ಳಲಾ?" ಎಂದಳು.

ಹಾಸ್ಟೆಲಿನ ಕುಂಡದಲ್ಲಿ ಎರಡು ಮೊಳೆತಿವೆಯಂತೆ. ಹೂ ಬಿಟ್ಟಾಗ ನಾವಿಬ್ಬರೂ ಹೋಗಬೇಕು. ಹೆಣ್ಣು ಹೂವಿನ ಬುಡದ ಗೋಲಿ ಕಣ್ಣಿಗಿಂತ ಬೆರಳಿಗೇ ಬೇಗ ಸಿಗುತ್ತದೆ.