ಲೇತಿನ ಮುಂದೆ ಕೂತವರು

ಬೆಂಗಳೂರು–ಮೈಸೂರು ಬಸ್ಸುಗಳೆಲ್ಲ ಚನ್ನಪಟ್ಟಣದ ನಡುಮಧ್ಯೆಯೇ ಹಾದುಹೋಗುತ್ತಿದ್ದ ಕಾಲ ಅದು. ಹೆದ್ದಾರಿ ಬದಿಯಲ್ಲಿ ನಮ್ಮಪ್ಪನದೊಂದು ಬೊಂಬೆ ಅಂಗಡಿ. ಬಾಗಿಲಿಗೆ ಮಣಿ ಪರದೆ, ಹೊರಗೆ ತೂಗುಕುದುರೆ, ಒಳಗೆ ಹಲಗೆಗಳ ಮೇಲೆ ಬುಗುರಿ, ಗಿಲಕಿ, ತಲೆಯಾಡಿಸುವ ಬೊಂಬೆ, ಕುಂಕುಮದ ಭರಣಿ. ಕಾರಿನವರು ಇಳಿದು ಚೌಕಾಸಿ ಮಾಡಿ, ಮಕ್ಕಳ ಹಟಕ್ಕೆ ಸೋತು ಏನಾದರೊಂದು ಕೊಂಡು ಹೋಗುತ್ತಿದ್ದರು. ‘ಇದನ್ನು ಮಾಡಿದವರು ಯಾರು’ ಎಂದು ಕೇಳಿದವರು ಕಡಿಮೆ. ಬೊಂಬೆಗೆ ಊರಿನ ಹೆಸರಿತ್ತು, ಅಷ್ಟು ಸಾಕಿತ್ತು.

ಮಾಡುವವರು ನಮ್ಮ ಹಿಂದಿನ ಓಣಿಯಲ್ಲೇ ಇದ್ದರು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದುದು ಚಾಚಾನ ಕೊಟ್ಟಿಗೆಯಲ್ಲಿ. ಮೂಲೆಯಲ್ಲಿ ಹಾಲೆ ಮರದ ತುಂಡುಗಳು ಒಣಗಲು ಬಿದ್ದಿರುತ್ತಿದ್ದವು. ಎರಡು ಮೂರು ತಿಂಗಳು ಸರಿಯಾಗಿ ಒಣಗದಿದ್ದರೆ ಬೊಂಬೆ ಆಮೇಲೆ ಬಿರುಕು ಬಿಡುತ್ತದೆ. ದಂತದ ಬಣ್ಣದ, ಮೆತ್ತಗಿನ, ಒತ್ತಾದ ಎಳೆಯ ಮರ ಅದು. ಉಳಿ ತಾಗಿಸಿದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ಚಾಚಾ ಲೇತಿಗೆ ತುಂಡು ಸಿಕ್ಕಿಸಿ, ಉಳಿಯಿಂದ ಹೊಟ್ಟೆ, ಸೊಂಟ, ಕತ್ತು ತೆಗೆಯುತ್ತಿದ್ದರು. ಅಳತೆಪಟ್ಟಿ ಹಿಡಿದದ್ದು ನಾನು ಕಂಡಿಲ್ಲ. ಆಮೇಲೆ ಬಣ್ಣ ಬೆರೆಸಿ ಎಳೆದು ಮಾಡಿಟ್ಟ ಅರಗಿನ ಕಡ್ಡಿಯನ್ನು ಗಿರ್ರನೆ ತಿರುಗುವ ಮರಕ್ಕೆ ಒತ್ತುತ್ತಿದ್ದರು. ತಿಕ್ಕಾಟದ ಬಿಸಿಗೆ ಅರಗು ಕಾದ ಕಾವಲಿಯ ಮೇಲಿನ ಬೆಣ್ಣೆಯಂತೆ ಹರಡಿಕೊಳ್ಳುತ್ತಿತ್ತು. ಕೊನೆಗೆ ತಾಳೆಗರಿಯ ತುಂಡೊಂದನ್ನು ಬಲವಾಗಿ ಒತ್ತಿ ಹಿಡಿದರೆ ಮಂಕಾಗಿದ್ದ ಬಣ್ಣಕ್ಕೆ ಫಳಕ್ಕನೆ ಹೊಳಪು. ಕುಂಚವೂ ಇಲ್ಲ, ಒಣಗಿಸುವ ಗೊಡವೆಯೂ ಇಲ್ಲ. ‘ಬೇಟಿ, ಅರಗು ಎಷ್ಟು ಹಿಡೀತು ಅಂತ ಕಣ್ಣಿಗೆ ಗೊತ್ತಾಗಲ್ಲ, ಬೆರಳಿಗೆ ಗೊತ್ತಾಗೋದು’ ಎನ್ನುತ್ತಿದ್ದರು.

ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬ ಕಥೆ ಊರಲ್ಲಿ ಎಲ್ಲರ ಬಾಯಲ್ಲೂ ಇತ್ತು. ಜಪಾನಿನ ಕೆಲಸದ ಕ್ರಮ ಕಲಿತು ಇಲ್ಲಿನವರಿಗೆ ಹೇಳಿಕೊಟ್ಟ ಬಾವಾಸ್ ಮಿಯಾ ಅವರ ಹೆಸರನ್ನು ಚಾಚಾ ಕಿವಿ ಮುಟ್ಟಿಕೊಂಡೇ ಹೇಳುತ್ತಿದ್ದರು. ಆದರೆ ಈ ಗುರುಪರಂಪರೆಯ ಮಾತಿನಲ್ಲೆಲ್ಲೂ ಹೆಂಗಸರು ಬರುತ್ತಿರಲಿಲ್ಲ. ಕೆಲಸದಲ್ಲಿ ಮಾತ್ರ ಅವರಿಲ್ಲದ ದಿನವೇ ಇರಲಿಲ್ಲ. ಉಪ್ಪುಕಾಗದ ಉಜ್ಜುವುದು, ಬೊಂಬೆಗೆ ಕಣ್ಣು ಮೂಗು ಬರೆಯುವುದು, ಮಣಿ ಪೋಣಿಸುವುದು, ಡಜನ್ ಲೆಕ್ಕದಲ್ಲಿ ಕಟ್ಟಿಡುವುದು ಎಲ್ಲ ಮನೆಯೊಳಗೆ, ಒಲೆಯ ಮೇಲೆ ಅನ್ನಕ್ಕಿಟ್ಟು ಮಾಡುವ ಕೆಲಸ. ಶನಿವಾರದ ಬಟವಾಡೆಯಲ್ಲಿ ಅಪ್ಪ ದುಡ್ಡು ಎಣಿಸಿ ಕೊಡುತ್ತಿದ್ದುದು ಗಂಡಸರ ಕೈಗೆ. ನಮ್ಮ ಅಂಗಡಿಯ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಂಗಡಿಯ ಮಾಡಿನಿಂದ ಪ್ಲಾಸ್ಟಿಕ್ ಬೊಂಬೆಗಳೂ ಜೋತುಬಿದ್ದವು. ಗಿರಾಕಿ ಕೇಳುತ್ತಾನೆ, ಇಡದಿದ್ದರೆ ಪಕ್ಕದಂಗಡಿಗೆ ಹೋಗುತ್ತಾನೆ. ಬ್ಯಾಟರಿ ಹಾಕಿದರೆ ಹಾಡುವ, ಓಡುವ ಚೀನಾ ಸಾಮಾನಿನ ಮುಂದೆ ನಮ್ಮ ಬುಗುರಿ ಬಡವಾಯಿತು. ಬೆಲೆಯಲ್ಲಿ ಸರಿಗಟ್ಟಲು ಕೆಲವರು ಅರಗು ಬಿಟ್ಟು ಡಬ್ಬಿಯ ಪೇಂಟು ಹಚ್ಚಿದರು. ಹಾಲೆ ಮರ ಸಿಗುವುದು ಕಷ್ಟವಾದಾಗ ರಬ್ಬರ್ ಮರ ಬಂತು. ಹುಡುಗರು ಬಿಡದಿಯ ಕಾರ್ಖಾನೆಗಳ ದಾರಿ ಹಿಡಿದರು. ತಿಂಗಳ ಸಂಬಳ, ಕರೆದೊಯ್ಯಲು ಬಸ್ಸು, ಮರದ ಧೂಳಿಗೆ ಕೆಮ್ಮುವ ಕಾಟವಿಲ್ಲ. ಚಾಚಾನ ಇಬ್ಬರು ಮಕ್ಕಳೂ ಹೋದರು. ‘ಹೋಗಬೇಡ ಅನ್ನೋಕೆ ನನ್ನ ಹತ್ರ ಏನಿದೆ?’ ಎಂದರು ಅವರು. ಓಣಿಯಲ್ಲಿ ಒಂದೊಂದೇ ಲೇತು ನಿಂತಿತು.

ಆ ಖಾಲಿ ಜಾಗಕ್ಕೆ ಬಂದು ಕೂತವರು ಹೆಂಗಸರು. ಸ್ವಯಂಸೇವಾ ಸಂಸ್ಥೆಗಳು, ಹೊಸ ಕಾಲದ ವಿನ್ಯಾಸಕಾರರು ಊರಿಗೆ ಬಂದು ತರಬೇತಿ ಶುರುಮಾಡಿದಾಗ ಕಲಿಯಲು ಮುಂದೆ ಬಂದವರಲ್ಲಿ ಅವರೂ ಇದ್ದರು. ಓಣಿಯಲ್ಲಿ ಗುಸುಗುಸು ಕಡಿಮೆಯಿರಲಿಲ್ಲ. ‘ಸೆರಗು ಸಿಕ್ಕಿಹಾಕ್ಕೊಂಡ್ರೆ ಯಾರು ಜವಾಬ್ದಾರಿ?’ ಎಂದರು ಗಂಡಸರು. ಸೆರಗಿಗೆ ಪಿನ್ನು ಹಾಕಿ, ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಕೂತರು ಇವರು. ವರ್ಷಗಟ್ಟಲೆ ಉಪ್ಪುಕಾಗದ ಉಜ್ಜಿದ ಪಕ್ಕದ ಮನೆಯ ಆಪಾ ಮೊದಲ ಸಲ ಲೇತು ಚಾಲೂ ಮಾಡಿದ್ದನ್ನು ನಾನು ನೋಡಿದ್ದೇನೆ. ಉಳಿ ಒಂದೆರಡು ಬಾರಿ ಜಾರಿತು. ಅರಗಿನ ಕಡ್ಡಿ ಕೈಗೆ ಬಂದಾಗ ಮಾತ್ರ ಆಕೆಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮಂಕು ಎಲ್ಲಿ, ಹೊಳಪು ಎಲ್ಲಿ ಎಂಬುದು ಆ ಬೆರಳುಗಳಿಗೆ ಮೊದಲೇ ತಿಳಿದಿತ್ತು.

ಬಣ್ಣವೂ ಅದೇ ಸುಮಾರಿಗೆ ಬದಲಾಯಿತು. 2007ರಲ್ಲಿ ಅಮೆರಿಕದ ದೊಡ್ಡ ಕಂಪನಿಯೊಂದು, ಬಣ್ಣದಲ್ಲಿ ಸೀಸವಿದೆಯೆಂದು ಚೀನಾದಲ್ಲಿ ಮಾಡಿಸಿದ್ದ ಲಕ್ಷಗಟ್ಟಲೆ ಆಟಿಕೆಗಳನ್ನು ವಾಪಸು ಪಡೆಯಿತು. ಮಗು ಬಾಯಿಗಿಟ್ಟರೂ ಅಪಾಯವಿಲ್ಲದ ಬೊಂಬೆಗೆ ಬೆಲೆ ಬಂದದ್ದು ಆಗ. ನಮ್ಮಲ್ಲಿ ಅರಿಸಿನದಿಂದ ಹಳದಿ, ನೀಲಿಗಿಡದಿಂದ ನೀಲಿ, ಕಾಚಿನಿಂದ ಕಂದು ತೆಗೆದು ಅರಗಿಗೆ ಬೆರೆಸುವ ಕೆಲಸ ಬೆಳೆಯಿತು. ಅಪ್ಪನಿಗೆ ಮೊದಲು ಇದು ಹಿಡಿಸಲಿಲ್ಲ. ‘ತೊಳೆದಿಟ್ಟ ಬಟ್ಟೆ ಥರ ಇದೆಯಲ್ಲಮ್ಮ, ದಾರಿಹೋಕನ ಕಣ್ಣಿಗೆ ಹೊಡೀಬೇಕು’ ಎಂದು ಗೊಣಗಿದರು. ಆದರೆ ದೂರದ ಊರುಗಳಿಂದ ಬರುತ್ತಿದ್ದ ಆರ್ಡರುಗಳೆಲ್ಲ ಆ ಮಾಸಲು ಹಳದಿಗೇ. 2005–06ರ ಸಾಲಿನಲ್ಲೇ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತ್ತು. ಹೆಸರಿಗೆ ಕಾನೂನಿನ ಕಾವಲು ಬಂತು. ಕೆಲಸಕ್ಕೆ ಕೈ ಬಂದದ್ದು ಬೇರೆ ದಾರಿಯಿಂದ.

ದೊಡ್ಡ ಪೆಟ್ಟು ಬಿದ್ದದ್ದು ಯಾರೂ ಎಣಿಸದ ಕಡೆಯಿಂದ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬೈಪಾಸಿನಲ್ಲಿ ಹೋಗುವ ಕಾರಿನವರಿಗೆ ಈಗ ನಮ್ಮೂರು ಒಂದು ಫಲಕ ಮಾತ್ರ. ಹಳೆ ರಸ್ತೆಯ ಅಂಗಡಿಗಳಲ್ಲಿ ವ್ಯಾಪಾರ ಕುಸಿಯಿತು. ನಮ್ಮದನ್ನೂ ಮುಚ್ಚಿದೆವು. ಆದರೆ ಹಿಂದಿನ ಓಣಿಯಲ್ಲಿ ಲೇತಿನ ಸದ್ದು ಅಷ್ಟರಮಟ್ಟಿಗೆ ತಗ್ಗಲಿಲ್ಲ. ಅಂಗಡಿಯ ಗಿರಾಕಿಯನ್ನೇ ನಂಬಿಕೊಂಡವರು ಕುಸಿದರು. ನೇರವಾಗಿ ಆರ್ಡರು ಹಿಡಿದವರು, ಮೊಬೈಲಿನಲ್ಲಿ ಫೋಟೊ ಕಳಿಸಿ ಕೊರಿಯರ್‌ನಲ್ಲಿ ಮಾಲು ರವಾನಿಸುವವರು ಹೇಗೋ ನಿಂತರು. ಆಪಾ ಆ ಎರಡನೆಯ ಸಾಲಿನವರು.

ಇಷ್ಟು ನೋಡಿದ ಮೇಲೆ ‘ಕಲೆ ಉಳಿಸಿ’ ಎಂಬ ಭಾಷಣ ಕೇಳಿದರೆ ನನಗೆ ಅನ್ನಿಸುವುದಿಷ್ಟು. ನಮ್ಮೂರಿನ ಕಸುಬನ್ನು ಪ್ರದರ್ಶನದ ಗಾಜಿನ ಪೆಟ್ಟಿಗೆ ಉಳಿಸಲಿಲ್ಲ. ಹಿತ್ತಿಲಲ್ಲಿ ಕೂತು ಅರ್ಧ ಕೆಲಸ ಮಾಡುತ್ತಿದ್ದವರಿಗೆ ಪೂರ್ತಿ ಕೆಲಸ ಕಲಿಸಿದ್ದು ಉಳಿಸಿತು. ಪೇಂಟಿನ ಡಬ್ಬಿ ಬದಿಗಿಟ್ಟು ಮತ್ತೆ ಅರಗಿಗೆ ಮರಳಿದ್ದು ಉಳಿಸಿತು.

ಹಾಗೆಂದು ಎಲ್ಲ ಸುಖವಾಗಿದೆ ಎನ್ನಲಾರೆ. ಹಾಲೆ ಮರ ಕಡಿದಷ್ಟು ನೆಡದಿದ್ದರೆ ಲೇತಿಗೆ ಸಿಕ್ಕಿಸಲು ತುಂಡಿರುವುದಿಲ್ಲ. ಕೂಲಿಯ ಮಾತಂತೂ ಇನ್ನೂ ಇತ್ಯರ್ಥವಾಗಿಲ್ಲ. ಕಳೆದ ಸಲ ಊರಿಗೆ ಹೋದಾಗ ಬೆಂಗಳೂರಿನ ಮಳಿಗೆಯೊಂದರಲ್ಲಿ ಗಿಲಕಿಗೆ ಎಷ್ಟು ಬೆಲೆ ಹಾಕಿದ್ದಾರೆಂದು ಆಪಾಗೆ ಹೇಳಿದೆ. ಆಕೆ ಕೈಯಲ್ಲಿದ್ದ ತಾಳೆಗರಿ ಕೆಳಗಿಟ್ಟು, ತನಗೆ ಸಿಗುವ ಪೀಸ್ ರೇಟನ್ನು ಬೆರಳಲ್ಲೇ ಲೆಕ್ಕ ಹಾಕಿದಳು. ಆಮೇಲೆ, ‘ಮುಂದಿನ ಸಲ ಅವ್ರು ಆರ್ಡರು ತಗೊಂಡು ಬರ್ಲಿ, ನಾನೇ ಕೂತು ಮಾತಾಡ್ತೀನಿ’ ಎಂದಳು. ಶನಿವಾರದ ಬಟವಾಡೆಗೆ ಗಂಡ ಹೋಗಿ ಬರಲೆಂದು ಒಳಗೆ ಕಾಯುತ್ತಿದ್ದ ಹೆಂಗಸರನ್ನು ಕಂಡವಳು ನಾನು. ಊರಲ್ಲಿ ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ ಮೊದಲು ಈ ಮಾತನ್ನೇ ಹೇಳುತ್ತೇನೆ.