ಹತ್ತು ಇಂಟು ನಾಲ್ಕೂವರೆ

ನಮ್ಮ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಕಟ್ಟಿಸಿದವನು ಶ್ರೀರಾಮ ಎಂಬ ಕತೆ ಊರಿನಲ್ಲಿದೆ. ಲಂಕೆ ಗೆದ್ದು ವಾಪಸು ಹೋಗುವಾಗ ಶಿಂಷೆಯ ದಂಡೆಯಲ್ಲಿ ತಂಗಿದ್ದನಂತೆ, ಹೊಳೆಗೆ ಅಡ್ಡಲಾಗಿ ಏರಿ ಹಾಕಿಸಿದನಂತೆ. ಕತೆ ಕೇಳಿದವರು ಕೈಮುಗಿದು ಮುಂದೆ ಹೋಗುತ್ತಾರೆ. ನನ್ನ ತಲೆ ಮಾತ್ರ ಬೇರೆ ಕಡೆ ಓಡುತ್ತದೆ. ರಾಮ ಬಂದದ್ದು ಪುಷ್ಪಕ ವಿಮಾನದಲ್ಲಿ. ಅಂದಮೇಲೆ ಅದು ಇಲ್ಲೇ ಎಲ್ಲೋ ಇಳಿದಿರಬೇಕು, ಮತ್ತೆ ಇಲ್ಲಿಂದಲೇ ಎದ್ದಿರಬೇಕು. ಅಷ್ಟೊಂದು ವಾನರ ಪರಿವಾರವನ್ನು ಹೊತ್ತುಕೊಂಡು ಈ ತೆಂಗಿನ ತೋಟಗಳ ತಲೆ ದಾಟುವುದೆಂದರೆ ಹುಡುಗಾಟವೆ? ಎಷ್ಟು ಇಂಚಿನ ಪ್ರೊಪೆಲ್ಲರ್ ಹಾಕಿದ್ದರು? ನೆನೆದರೆ ಸಾಕು, ಹೊರಡುತ್ತಿತ್ತು ಎಂದು ಪುರಾಣ ಹೇಳುವವರು ಕೈತೊಳೆದುಕೊಳ್ಳುತ್ತಾರೆ. ನೆನೆದು ಹಾರುವವರಿಗೆ ಪ್ರೊಪೆಲ್ಲರಿನ ಗೊಡವೆಯಿಲ್ಲ. ಅಟ್ಟದ ಮೇಲೆ ಕೂತು ವಿಮಾನ ಕಟ್ಟುವ ನನ್ನಂಥವರಿಗೆ ಅದೇ ದೊಡ್ಡ ತಲೆನೋವು, ಅದೇ ದೊಡ್ಡ ಸುಖ.

ನನ್ನ ವಿಮಾನದಲ್ಲಿ ಯಾರೂ ಕೂರುವ ಹಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ರೆಕ್ಕೆ ಈ ತುದಿಯಿಂದ ಆ ತುದಿಗೆ ಒಂದೂಕಾಲು ಮೀಟರ್, ತೂಕ ಒಂದು ಕಿಲೋದ ಒಳಗೆ. ಬಾಲ್ಸಾ ಕಡ್ಡಿ, ಫೋಮ್ ಹಾಳೆ, ಅಲ್ಲಲ್ಲಿ ಬಿದಿರಿನ ಸೀಳು, ಕೈಯಲ್ಲಿ ರಿಮೋಟು. ಜನ ಕೂರುವಂಥದ್ದನ್ನೇ ಮನೆಯಲ್ಲಿ ಕಟ್ಟಿದವರೂ ನಮ್ಮ ದೇಶದಲ್ಲಿದ್ದಾರೆ. ಪೈಲಟ್ ಅಮೋಲ್ ಯಾದವ್ ಮುಂಬೈಯಲ್ಲಿ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ 2017ರಲ್ಲಿ ಅದಕ್ಕೆ ನೋಂದಣಿಯನ್ನೂ ಪಡೆದರು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ 1980ರ ದಶಕದಲ್ಲಿ ಇಂಥದೇ ಒಂದು ಕೆಲಸ ಮಾಡಿತು. ಮನೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆಂದು ಅಮೆರಿಕದ ಬರ್ಟ್ ರುಟಾನ್ ಬಿಡಿಸಿದ್ದ ಲಾಂಗ್-ಈಜಿ ನಕ್ಷೆಯನ್ನು ಆಧರಿಸಿ ಪುಟ್ಟದೊಂದು ವಿಮಾನ ಕಟ್ಟಿ ಹಾರಿಸಿತು. ಅದರ ಪ್ರೊಪೆಲ್ಲರ್ ಇರುವುದು ಮೂತಿಯಲ್ಲಲ್ಲ, ಹಿಂಬದಿಯಲ್ಲಿ; ಎಳೆಯುವುದಿಲ್ಲ, ನೂಕುತ್ತದೆ. ಆಮೇಲೆ ಅದೇ ಸಂಸ್ಥೆಯಿಂದ ‘ಹಂಸ’ ಬಂತು. ಹಂಸ-3ರಲ್ಲಿ ಹಾರುತ್ತಿರುವಾಗಲೇ ಬ್ಲೇಡಿನ ಕೋನ ತಾನಾಗಿ ಬದಲಾಗುತ್ತದೆ. ಏರುವಾಗ ಒಂದು ಕೋನ, ಸಾಗುವಾಗ ಇನ್ನೊಂದು. ಆ ಶ್ರೀಮಂತಿಕೆ ನಮಗಿಲ್ಲ. ನಾವು ಹಾಕುವುದು ಅಚ್ಚಿನಲ್ಲಿ ಎರಕ ಹೊಯ್ದ, ಒಂದೇ ಕೋನದ ಪ್ಲಾಸ್ಟಿಕ್ ತುಂಡು. ಹೊರಡುವ ಮುಂಚೆಯೇ ಯಾವುದು ಬೇಕೋ ತೀರ್ಮಾನಿಸಬೇಕು. ಆಯ್ಕೆಯ ರುಚಿಯೆಲ್ಲ ಇರುವುದೇ ಅಲ್ಲಿ.

ಪ್ರೊಪೆಲ್ಲರಿನ ನಡುವಿನ ಗುಬಟಿನ ಮೇಲೆ ಎರಡು ಅಂಕಿ ಇರುತ್ತವೆ: 10×4.5. ನಾವು ಬಾಯಲ್ಲಿ ‘ಹತ್ತು ಇಂಟು ನಾಲ್ಕೂವರೆ’ ಎನ್ನುತ್ತೇವೆ. ಮೊದಲನೆಯದು ಈ ತುದಿಯಿಂದ ಆ ತುದಿಗೆ ಎಷ್ಟು ಇಂಚು ಎಂಬುದು. ಎರಡನೆಯದು ಪಿಚ್ಚು. ಗಾಳಿಯೆಂಬುದು ಬೆಣ್ಣೆಯ ಹಾಗೆ ಗಟ್ಟಿಯಾಗಿದ್ದು, ಬ್ಲೇಡು ಜಾರದೆ ಕೊರೆದುಕೊಂಡು ಹೋದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸರಿಯುತ್ತದೆ ಎಂಬ ಲೆಕ್ಕ. ನನ್ನ ಮೋಟಾರಿಗೆ ಒಂದು ವೋಲ್ಟಿಗೆ ಸಾವಿರ ಸುತ್ತು. ಹನ್ನೊಂದು ವೋಲ್ಟಿನ ಬ್ಯಾಟರಿ ಕೊಟ್ಟು, ಪ್ರೊಪೆಲ್ಲರಿನ ಹೊರೆಯನ್ನೂ ಹೊರಿಸಿದರೆ ನಿಮಿಷಕ್ಕೆ ಹೆಚ್ಚುಕಮ್ಮಿ 8,000 ಸುತ್ತು. ನಾಲ್ಕೂವರೆ ಇಂಚಿನಂತೆ ಲೆಕ್ಕ ಹಾಕಿ: ಗಂಟೆಗೆ 55 ಕಿಲೋಮೀಟರ್. ಅದಕ್ಕಿಂತ ವೇಗವಾಗಿ ಈ ಪ್ರೊಪೆಲ್ಲರ್ ನನ್ನ ವಿಮಾನವನ್ನು ನೆಟ್ಟಗೆ ಎಳೆಯಲಾರದು. ಅದೇ ಹೊತ್ತಿನಲ್ಲಿ ಬ್ಲೇಡಿನ ತುದಿ ಓಡುತ್ತಿರುವ ವೇಗ ಗಂಟೆಗೆ 380 ಕಿಲೋಮೀಟರಿಗೂ ಮೇಲೆ. ಈ ಎರಡನೆಯ ಲೆಕ್ಕ ಗೊತ್ತಾದ ಮೇಲೆ ಯಾರೂ ಅದರ ಹತ್ತಿರ ಬೆರಳು ಒಯ್ಯುವುದಿಲ್ಲ.

ಹಾಗಾದರೆ ಪಿಚ್ಚು ಜಾಸ್ತಿ ಇರುವುದನ್ನೇ ಹಾಕಿದರಾಯಿತಲ್ಲ, ದೊಡ್ಡದನ್ನೇ ಹಾಕಿದರಾಯಿತಲ್ಲ ಎಂದು ಹೊಸಬರು ಕೇಳುತ್ತಾರೆ. ನಮ್ಮ ಕಡೆಯ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಕೊಳವೆಬಾವಿಗೆ ಮೋಟಾರ್ ಇಳಿಸುವಾಗ ಅದೇ ಎಚ್‌ಪಿಗೆ ಸ್ಟೇಜು ಹೆಚ್ಚಿದ್ದರೆ ಆಳದಿಂದ ಎತ್ತುತ್ತದೆ, ನೀರು ಕಮ್ಮಿ. ಸ್ಟೇಜು ಕಡಿಮೆಯಿದ್ದರೆ ಮೇಲಿಂದಲೇ ಧಾರಾಳ ಸುರಿಯುತ್ತದೆ, ಆಳಕ್ಕೆ ಹೋದರೆ ಕೈಚೆಲ್ಲುತ್ತದೆ. ಎರಡೂ ಬೇಕೆಂದರೆ ಎಚ್‌ಪಿ ಹೆಚ್ಚಿಸಬೇಕು, ಕರೆಂಟು ಕೊಡಬೇಕು. ಇಲ್ಲೂ ಹಾಗೇ. ಪಿಚ್ಚು ಅದೇ ಇರಲಿ, ಹತ್ತಿಂಚನ್ನು ಹನ್ನೊಂದು ಮಾಡಿ, ಅದೇ ಸುತ್ತು ತೆಗೆಯಲು ನೋಡಿ. ಬೇಕಾಗುವ ಶಕ್ತಿ ಹೆಚ್ಚುಕಮ್ಮಿ ಅರ್ಧಪಾಲು ಏರಿಬಿಡುತ್ತದೆ. ಏಕೆಂದರೆ ಅದು ವ್ಯಾಸದ ಜೊತೆ ನೇರಕ್ಕೆ ಬೆಳೆಯುವುದಿಲ್ಲ, ನಾಲ್ಕನೆಯ ಘಾತದಲ್ಲಿ ಬೆಳೆಯುತ್ತದೆ. ಕಣ್ಣಿಗೆ ಒಂದಿಂಚು, ಮೋಟಾರಿನ ಪಾಲಿಗೆ ಅದು ಕೊಪ್ಪರಿಗೆ. ಮುಟ್ಟಿದರೆ ಬೆರಳು ಸುಡುವಷ್ಟು ಕಾಯುತ್ತದೆ, ಆಮೇಲೆ ವಾರ್ನಿಷಿನ ವಾಸನೆ, ಆಮೇಲೆ ಹೊಗೆ. ಇದಕ್ಕೇ ವಾಟ್‌ಮೀಟರ್ ಎಂಬ ಅಂಗೈ ಅಗಲದ ಪೆಟ್ಟಿಗೆ ಇಟ್ಟುಕೊಂಡಿರುವುದು. ಬ್ಯಾಟರಿಗೂ ಮೋಟಾರಿಗೂ ನಡುವೆ ಸಿಕ್ಕಿಸಿ, ಪೂರಾ ಜೋರು ಕೊಟ್ಟು, ಆಂಪಿಯರ್ ಎಷ್ಟು ಎಂದು ನೋಡುತ್ತೇನೆ. ಹದಿನೈದರ ಆಸುಪಾಸಿನಲ್ಲಿದ್ದರೆ ಆ ಮೋಟಾರಿಗೆ ಅಷ್ಟೇ ಸಾಕು.

ಇಷ್ಟೆಲ್ಲ ಪುಸ್ತಕದಲ್ಲೂ ಸಿಕ್ಕುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಕಡಬ. ನನ್ನ ಅನುಭವದಲ್ಲಿ ಪ್ರೊಪೆಲ್ಲರನ್ನು ಆರಿಸುವುದು ಮೋಟಾರೂ ಅಲ್ಲ, ರೆಕ್ಕೆಯೂ ಅಲ್ಲ, ಹಾರಿಸುವ ಬಯಲು. ನಮ್ಮದು ಸಮುದ್ರಮಟ್ಟಕ್ಕಿಂತ ಸುಮಾರು ಎಂಟುನೂರು ಮೀಟರ್ ಎತ್ತರದ ಸೀಮೆ. ಏಪ್ರಿಲ್ಲಿನ ಮಧ್ಯಾಹ್ನ 35 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ಪುಸ್ತಕದ ಗಾಳಿಗಿಂತ ಶೇಕಡ ಹದಿನೈದರಷ್ಟು ತೆಳು. ಬ್ಲೇಡಿಗೆ ಹಿಡಿಯಲು ಅಷ್ಟು ಕಡಿಮೆ ಸಿಕ್ಕುತ್ತದೆ, ರೆಕ್ಕೆಗೂ ಅಷ್ಟೇ. ಸಮುದ್ರದ ದಂಡೆಯಲ್ಲಿ ಕೂತವನು ಬರೆದ ಕೋಷ್ಟಕವನ್ನು ನಂಬಿ ಇಲ್ಲಿ ಮಧ್ಯಾಹ್ನ ಹಾರಿಸಿದರೆ ವಿಮಾನ ಮೈಗಳ್ಳನಂತೆ ಏಳುತ್ತದೆ. ಅದಕ್ಕೆ ನಾನು ಬೇಸಿಗೆಯಲ್ಲಿ ಬಿಸಿಲು ಏರುವ ಮುಂಚೆಯೇ ಹೊರಡುವವನು.

ಇನ್ನು ಜಾಗ. ಕೆರೆ ಬತ್ತಿದ ವರ್ಷ ಅಂಗಳದ ಒಣ ಮಣ್ಣೇ ರನ್‌ವೇ. ಬಿರುಕು ಬಿಟ್ಟ ಎರೆಯ ಹೆಂಟೆಗಳ ನಡುವೆ ಮಾರುದ್ದ ಸಮ ಜಾಗ ಸಿಕ್ಕರೂ ಸಾಕು. ಹೇಮಾವತಿ ನೀರು ಹರಿದು ಕೆರೆ ತುಂಬಿದ ವರ್ಷ ಊರಿಗೆ ಹಬ್ಬ, ನನಗೆ ಮಾತ್ರ ವಿಮಾನ ನಿಲ್ದಾಣ ಮುಳುಗಡೆ. ಆಗ ರಾಗಿ ಕೊಯ್ದ ಹೊಲಕ್ಕೆ ಹೋಗಬೇಕು. ಕೂಳೆಯ ಮೇಲೆ ಚಕ್ರ ಓಡುವುದಿಲ್ಲ, ಕೈಯಿಂದಲೇ ಎಸೆಯಬೇಕು. ಹೊಲದ ಮೂರು ಕಡೆ ತೆಂಗು. ಎಸೆದ ನಾಲ್ಕೈದು ಸೆಕೆಂಡಿನಲ್ಲಿ ಅದು ಗರಿಗಳ ಮೇಲಿರಬೇಕು, ಇಲ್ಲವೆ ಗರಿಗಳ ಒಳಗೆ. ಇಲ್ಲಿ ವೇಗ ಯಾರಿಗೆ ಬೇಕು? ಬೇಕಿರುವುದು ನಿಂತಲ್ಲೇ ಎಳೆಯುವ ತಾಕತ್ತು, ಅಂದರೆ ಅಗಲ ಹೆಚ್ಚು, ಪಿಚ್ಚು ಕಡಿಮೆ. ಪಿಚ್ಚು ಹೆಚ್ಚಿರುವುದನ್ನು ಹಾಕಿದರೆ ಎಸೆಯುವ ಹೊತ್ತಿಗೆ ಬ್ಲೇಡು ಗಾಳಿಯನ್ನು ಕತ್ತರಿಸದೆ ಕಡೆಯುತ್ತಿರುತ್ತದೆ. ಗದ್ದಲ ಜೋರು, ಎಳೆತ ಇಲ್ಲ. ಕಿವಿಗೇ ಗೊತ್ತಾಗುತ್ತದೆ: ಹಿಡಿತವಿರುವ ಪ್ರೊಪೆಲ್ಲರಿನದು ಒಂದೇ ಶ್ರುತಿಯ ಗುಂಯ್, ಹಿಡಿತ ತಪ್ಪಿದ್ದು ಹರಿದ ತಗಡಿನ ಹಾಗೆ ಬರಬರ.

ಆಷಾಢ ಬಂತೆಂದರೆ ಈ ನ್ಯಾಯವೆಲ್ಲ ತಲೆಕೆಳಗು. ಪಡುವಣದಿಂದ ಬೀಸುವ ಗಾಳಿಗೆ ತೆಂಗಿನ ಮರಗಳೇ ಬಾಗಿ ನಿಂತಿರುತ್ತವೆ. 55 ಕಿಲೋಮೀಟರಿಗೆ ಮೇಲೆ ಎಳೆಯಲಾರದ ಪ್ರೊಪೆಲ್ಲರ್ ಹಾಕಿಕೊಂಡು ಅದಕ್ಕೆ ಎದುರಾಗಿ ಹಾರಿದರೆ ವಿಮಾನ ಮೂತಿ ಮುಂದೆ ಮಾಡಿಕೊಂಡು ಆಕಾಶದಲ್ಲಿ ನಿಂತೇಬಿಡುತ್ತದೆ. ನೋಡುವುದಕ್ಕೆ ಚೆನ್ನ, ಬ್ಯಾಟರಿ ಮುಗಿಯುವ ಹೊತ್ತಿಗೆ ಚೆನ್ನಾಗಿರುವುದಿಲ್ಲ. ಆಗ ಒಂಬತ್ತು ಇಂಟು ಆರು. ಅಗಲ ಒಂದಿಂಚು ಬಿಟ್ಟುಕೊಟ್ಟು ಪಿಚ್ಚಿನಲ್ಲಿ ಒಂದೂವರೆ ಇಂಚು ಪಡೆಯುವ ವ್ಯಾಪಾರ. ಎಸೆಯುವಾಗಿನ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಎದುರುಗಾಳಿಯೇ ರೆಕ್ಕೆಯನ್ನು ಎತ್ತಿಕೊಳ್ಳುವುದರಿಂದ ನಷ್ಟವಿಲ್ಲ. ಹೀಗೆ ನನ್ನ ಡಬ್ಬಿಯಲ್ಲಿ ಪ್ರೊಪೆಲ್ಲರುಗಳು ಪಂಚಾಂಗದ ಪ್ರಕಾರ ಮೇಲೆ ಕೆಳಗೆ ಆಗುತ್ತಿರುತ್ತವೆ.

ಕೊಂಡು ತಂದದ್ದನ್ನು ಹಾಗೇ ಹಾಕುವಂತಿಲ್ಲ. ನಡುವಿನ ತೂತಿಗೆ ನಯವಾದ ಸೂಜಿ ತೂರಿಸಿ ಎರಡು ಲೋಟಗಳ ಅಂಚಿನ ಮೇಲೆ ಮಲಗಿಸುತ್ತೇನೆ. ಒಂದು ಬ್ಲೇಡು ಮೆಲ್ಲಗೆ ಕೆಳಗಿಳಿಯುತ್ತದೆ, ಅದು ಭಾರ. ಅದರ ಬೆನ್ನನ್ನು ಉಪ್ಪುಕಾಗದದಿಂದ ಎರಡು ಸಲ ಸವರಿ ಮತ್ತೆ ಮಲಗಿಸಬೇಕು. ಈಗ ಇನ್ನೊಂದು ಇಳಿಯುತ್ತದೆ, ತುಂಟತನಕ್ಕೆ. ಅದಕ್ಕೂ ಒಂದು ಸವರು. ಕೊನೆಗೆ ಹೇಗೆ ಬಿಟ್ಟರೆ ಹಾಗೆ ನಿಲ್ಲುತ್ತದೆ. ಮನೆಯವರು ಊಟಕ್ಕೆ ಕರೆದರೂ ನಾನು ಏಳದಿರುವುದು ಈ ಹೊತ್ತಿನಲ್ಲೇ. ಗುಲಗಂಜಿ ತೂಕದಷ್ಟು ವ್ಯತ್ಯಾಸ ಉಳಿದರೂ ನಿಮಿಷಕ್ಕೆ ಎಂಟು ಸಾವಿರ ಸುತ್ತಿನಲ್ಲಿ ವಿಮಾನದ ಮೈಯೆಲ್ಲ ಚಳಿಜ್ವರ ಬಂದ ಹಾಗೆ ನಡುಗಿ ಸ್ಕ್ರೂಗಳು ಸಡಿಲವಾಗುತ್ತವೆ.

ಕೆತ್ತುವುದಂತೂ ಇನ್ನೂ ಮೇಲಿನ ಸುಖ. ರಬ್ಬರ್ ಸುತ್ತಿ ಬಿಡುವ ಹಗುರ ಮಾದರಿಗಳಿಗೆ ನಾನು ಬೂರುಗದ ತುಂಡಿನಲ್ಲಿ ಪ್ರೊಪೆಲ್ಲರ್ ಕೆತ್ತಿಕೊಳ್ಳುತ್ತೇನೆ. ಬೆಂಕಿಕಡ್ಡಿಗೆ ಬಳಸುವ ಹಗುರ ಮರ, ಉಳಿಗೆ ಮೃದು. ಊರಿನ ಆಚಾರ್ರ ಅಂಗಳದಲ್ಲಿ ಕೂತು ಕೆತ್ತುವಾಗ ಅವರು ಬಹಳ ಹೊತ್ತು ನೋಡಿ, “ಇದೇನ್ ಸ್ವಾಮಿ, ತಿರುಚ್ಕೊಂಡ್ ಬಿಟ್ಟಿದೆ ಮರ?” ಎಂದರು. ತಿರುಚು ಬೇಕೆಂದೇ ಮಾಡಿದ್ದು ಎಂದೆ. ತುದಿ ಒಂದು ಸುತ್ತಿಗೆ ದೊಡ್ಡ ವೃತ್ತ ಓಡಬೇಕು, ಬುಡ ಚಿಕ್ಕದು. ಎರಡೂ ಒಂದೇ ಸಮ ಮುಂದೆ ಸರಿಯಬೇಕಾದರೆ ಬುಡದಲ್ಲಿ ಕೋನ ಕಡಿದಾಗಿ, ತುದಿಯಲ್ಲಿ ಮಲಗಿದಂತೆ ಇರಬೇಕು. ಹತ್ತು ಇಂಟು ನಾಲ್ಕೂವರೆಯಲ್ಲಿ ನಡುವಿನಿಂದ ಒಂದಿಂಚಿಗೆ ಸುಮಾರು 35 ಡಿಗ್ರಿ, ಅರ್ಧದಲ್ಲಿ 16, ತುದಿಯಲ್ಲಿ ಬರೀ 8. ಆಚಾರ್ರು ಬೆರಳಿನಿಂದ ಬ್ಲೇಡನ್ನು ಉದ್ದಕ್ಕೂ ತಡವಿ, ನಾನು ಕಾಣದ ಒಂದು ಉಬ್ಬನ್ನು ತೋರಿಸಿ, ಬಾಚಿಯ ಮೂಲೆಯಿಂದ ಒಂದೇ ಒಂದು ಸಿಬಿರು ತೆಗೆದರು. ಸಮನಾಯಿತು.

ರೈಟ್ ಸಹೋದರರೂ ಹೀಗೇ ಕೈಯಲ್ಲಿ ಕೆತ್ತಿದವರು. ಹಡಗಿನವರ ಹತ್ತಿರ ಪ್ರೊಪೆಲ್ಲರಿನ ಸೂತ್ರ ಸಿದ್ಧವಾಗಿರುತ್ತದೆ, ತಂದುಕೊಂಡರಾಯಿತು ಎಂದುಕೊಂಡಿದ್ದರು. ಹಡಗಿನವರೂ ಅಂದಾಜಿನ ಮೇಲೆಯೇ ಮಾಡುತ್ತಿದ್ದರು. ಕೊನೆಗೆ ಅಣ್ಣತಮ್ಮ ಕೂಗಾಡಿಕೊಂಡು ತಾವೇ ಕಂಡುಕೊಂಡರು: ಪ್ರೊಪೆಲ್ಲರ್ ಎಂದರೆ ಸುತ್ತುತ್ತಾ ಮುಂದೆ ಹೋಗುವ ರೆಕ್ಕೆಯೇ ಹೊರತು ಬೇರೇನೂ ಅಲ್ಲ. ಸ್ಪ್ರೂಸ್ ಮರದ ಪದರಗಳನ್ನು ಅಂಟಿಸಿ ಎಂಟೂವರೆ ಅಡಿಯ ಎರಡು ಪ್ರೊಪೆಲ್ಲರ್ ಕೆತ್ತಿ, ಸೈಕಲ್ಲಿನ ಮಾದರಿಯ ಚೈನಿನಿಂದ ತಿರುಗಿಸಿದರು. 1903ರ ಆ ಕೆತ್ತನೆ ಎಂಜಿನ್ನಿನ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ನೂಕುವ ಬಲವಾಗಿಸುತ್ತಿತ್ತು. ಇಂದಿನ ಒಳ್ಳೆಯ ಮರದ ಪ್ರೊಪೆಲ್ಲರ್ ಅದಕ್ಕಿಂತ ಶೇಕಡ ಹತ್ತರಷ್ಟು ಮುಂದಿದ್ದರೆ ಹೆಚ್ಚು. ಆ ಹನ್ನೆರಡು ಅಶ್ವಶಕ್ತಿಯ ಎಂಜಿನ್ನಿಗಿಂತ ಈ ಎರಡು ಮರದ ತುಂಡುಗಳೇ ದೊಡ್ಡ ಸಾಧನೆ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ನಮ್ಮವರೇನೂ ಹಿಂದಿಲ್ಲ. ವಿಮಾನ ತಯಾರಿಸುವ ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಎರಡು ಸೀಟಿನ, 90 ಅಶ್ವಶಕ್ತಿಯ ವಿಮಾನವೊಂದನ್ನು ಹಾರಿಸಿತು. ಅದಕ್ಕಿಟ್ಟ ಹೆಸರು ಪುಷ್ಪಕ್. ರಾಮನ ವಿಮಾನದ ಹೆಸರಿಟ್ಟರೂ ಪ್ರೊಪೆಲ್ಲರ್ ಹಾಕುವುದನ್ನು ಬಿಡಲಿಲ್ಲ. ಈಗಂತೂ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೇ ಅದೇ ಎಚ್‌ಎಎಲ್‌ನ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಂದಿನಿಂದ ಹೊಲದ ಬದುವಿನಲ್ಲಿ ಸೇರುವ ಹುಡುಗರು “ಅಣ್ಣಾ, ನೀವು ಎಚ್‌ಎಎಲ್‌ನೋರಾ?” ಎಂದು ಕೇಳುವುದು ಮಾಮೂಲು. ಅಲ್ಲಪ್ಪ ಎಂದರೆ ಅವರ ಮುಖ ಸಪ್ಪಗಾಗುತ್ತದೆ.

ಅವರಲ್ಲಿ ಯಾರಾದರೂ ನಾಳೆ ಕಟ್ಟಲು ಹೊರಟರೆ ಹೇಳಬೇಕಾದ್ದು ಇಷ್ಟು. ಮೊದಲ ವಿಮಾನಕ್ಕೆ ಹತ್ತು ಇಂಟು ನಾಲ್ಕೂವರೆ ಸಾಕು, ಅದನ್ನೇ ನಾಲ್ಕಾರು ತಂದಿಟ್ಟುಕೊಳ್ಳಿ. ಮುರಿಯುವುದು ಮೊದಲು ಅದೇ. ಅಂಕಿ ಇರುವ ಮುಖ ವಿಮಾನ ಹೋಗುವ ದಿಕ್ಕಿಗೇ ಇರಲಿ. ಹಾರಿಸುವ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕಾಶೆಯಲ್ಲಿ ನೋಡಿಕೊಳ್ಳಿ. ಮನೆಯೊಳಗೆ ಮೇಜಿನ ಮೇಲೆ ರಿಮೋಟು ಜೋಡಿಸಿ ನೋಡುವಾಗ ಪ್ರೊಪೆಲ್ಲರನ್ನು ಬಿಚ್ಚಿ ಪಕ್ಕಕ್ಕಿಡಿ.