ಜಾವಕ್ಕೆ ಹೊಸ ಬಣ್ಣ

ಹಳೆಯ ಮೋಟಾರ್ ಸೈಕಲ್ಲನ್ನು ಮನೆಯಲ್ಲಿಟ್ಟುಕೊಂಡವನಿಗೆ ಊರೆಲ್ಲ ನೆಂಟರೇ. ಗೇಟಿನ ಬಳಿ ನಿಂತು "ಕೊಡ್ತೀರಾ ಸಾರ್?" ಎಂದು ಕೇಳದ ದಾರಿಹೋಕನಿಲ್ಲ. ಕೊಡುವುದಿಲ್ಲವೆಂದರೆ, "ಹಾಗಾದರೆ ಯಾಕೆ ಹೀಗೆ ತುಕ್ಕು ಹಿಡಿಸಿಟ್ಟಿದೀರಿ?" ಎಂದು ಬುದ್ಧಿ ಹೇಳದೆ ಹೋಗುವವನೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಆರು ವರ್ಷ ಈ ಎರಡು ಪ್ರಶ್ನೆಗಳನ್ನೂ ಸಹಿಸಿಕೊಂಡೆ. ಮೊದಲನೆಯದಕ್ಕೆ ಉತ್ತರವಿತ್ತು. ಎರಡನೆಯದಕ್ಕೆ ಇರಲಿಲ್ಲ.

ಗಾಡಿ 1968ರ ಜಾವ. ನಮ್ಮ ಮೈಸೂರಿನ ಯಾದವಗಿರಿಯಲ್ಲೇ ಹುಟ್ಟಿದ್ದು. ನಂಬರು ಫಲಕ ಈಗಲೂ ‘ಎಂ.ವೈ.’ ಎಂದೇ ಶುರುವಾಗುತ್ತದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ ತಾನೆ? ಜಾವ ಎಂಬ ಹೆಸರೇನೋ ನಮ್ಮ ಕಿವಿಗೆ ರಾತ್ರಿಯ ಜಾವದಂತೆ, ಅಚ್ಚ ಕನ್ನಡದಂತೆ ಕೇಳಿಸುತ್ತದೆ. ನಿಜವಾಗಿ ಅದು ಚೆಕ್ ದೇಶದ ಜಾನೆಚೆಕ್ ಎಂಬಾತನ ಹೆಸರಿನ ತಲೆಯನ್ನೂ ವಾಂಡರರ್ ಎಂಬ ಜರ್ಮನ್ ಗಾಡಿಯ ತಲೆಯನ್ನೂ ಜೋಡಿಸಿ ಮಾಡಿದ್ದು. ಕನ್ನಡ ಮೇಷ್ಟರಾದ ನನಗೆ ಇಂಥ ವ್ಯುತ್ಪತ್ತಿಗಳು ಸಿಕ್ಕರೆ ಬಿಡುವುದು ಕಷ್ಟ. ಅದಿರಲಿ. ಮೈಸೂರಿನ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಆರಂಭಿಸಿ, ಮುಂದೆ ಅದಕ್ಕೆ ಯೆಜ್ಡಿ ಎಂದು ಹೆಸರಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಅಪ್ಪ ಈ ಗಾಡಿಯನ್ನು ಕೊಂಡದ್ದು 1984ರಲ್ಲಿ, ಎರಡನೆಯ ಕೈಯಾಗಿ. ಮುಂದೆ ಟ್ಯಾಂಕಿನ ಮೇಲೆ ನಾನು, ಹಿಂದೆ ಅಮ್ಮ, ಇಬ್ಬರ ನಡುವೆ ತಮ್ಮ: ಹೀಗೆ ನಾವು ನಂಜನಗೂಡಿನ ತೇರು ನೋಡಿಬಂದವರು.

ಹೋದ ಬೇಸಗೆಯ ರಜೆಯಲ್ಲಿ ಮನಸ್ಸು ಗಟ್ಟಿಮಾಡಿ ಗಾಡಿಯನ್ನು ಮೇಸ್ತ್ರಿಯ ಕೈಗೆ ಒಪ್ಪಿಸಿದೆ. ಜಾವವನ್ನು ಕಣ್ಣುಮುಚ್ಚಿ ಬಿಚ್ಚಬಲ್ಲ ಮುದುಕ. ಒಂದೇ ಸನ್ನೆಯನ್ನು ಒಳಕ್ಕೆ ಒತ್ತಿ ಎತ್ತಿದರೆ ಕಿಕ್ಕರ್, ಮುಂದಕ್ಕೆ ಮಡಿಸಿದರೆ ಗೇರು. ಈ ಚಮತ್ಕಾರವನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸಿದರೆ ಅವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮೇಸ್ತ್ರಿಗೆ ಅದರಲ್ಲಿ ಬೆರಗೇನೂ ಇಲ್ಲ. ಆತ ಎರಡೇ ದಿನದಲ್ಲಿ ನಮ್ಮ ಜಾವವನ್ನು ನಾಲ್ಕು ಗೋಣಿಚೀಲಗಳನ್ನಾಗಿ ಮಾಡಿ, "ಎಂಜಿನ್ನು ನಂಗೆ ಬಿಡಿ ಮೇಷ್ಟ್ರೇ, ಚಾಸಿಗೆ ಮಾತ್ರ ಪೌಡರ್ ಕೋಟಿಂಗ್ ಮಾಡಿಸ್ಕೊಂಡ್ ಬನ್ನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ," ಎಂದ.

ಪೌಡರ್ ಎಂದರೆ ನನಗೆ ಗೊತ್ತಿದ್ದದ್ದು ಮುಖಕ್ಕೆ ಹಚ್ಚುವುದು. ಆದರೆ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಆ ಶೆಡ್ಡಿನಲ್ಲಿ ನಿಂತು ನೋಡಿದಾಗ, ಈ ಅಲಂಕಾರವೂ ಅಷ್ಟೇನು ಬೇರೆಯಲ್ಲ ಅನ್ನಿಸಿತು. ಅಲ್ಲಿ ಹೆಚ್ಚಾಗಿ ಬರುವುದು ಕಿಟಕಿಯ ಗ್ರಿಲ್ಲು, ಕಬ್ಬಿಣದ ಬೀರು, ಗೇಟು. ಮೊದಲು ಸಾಮಾನಿನ ಮೇಲಿನ ಜಿಡ್ಡು ತೊಳೆಯುತ್ತಾರೆ. ಆಮೇಲೆ ಮರಳಿನಂಥ ಗಡಸು ಹರಳನ್ನು ಗಾಳಿಯ ಒತ್ತಡದಲ್ಲಿ ಅದರ ಮೇಲೆ ಎರಚುತ್ತಾರೆ. ಐವತ್ತು ವರ್ಷದ ಬಣ್ಣ, ತುಕ್ಕು, ಗ್ರೀಸು ಎಲ್ಲ ನಿಮಿಷಗಳಲ್ಲಿ ಉದುರಿ, ಕಬ್ಬಿಣ ಆಗ ತಾನೆ ಕ್ಷೌರ ಮಾಡಿಸಿದ ತಲೆಯಂತೆ ಬೂದುಬಣ್ಣಕ್ಕೆ ಬರುತ್ತದೆ. ಅದನ್ನು ಫಾಸ್ಫೇಟಿನ ತೊಟ್ಟಿಯಲ್ಲಿ ಅದ್ದಿ ಒಣಗಿಸಿ ಕೊಂಡಿಗೆ ನೇತುಹಾಕುತ್ತಾರೆ. ಆ ಕೊಂಡಿಗೆ ನೆಲದ ಸಂಪರ್ಕವಿದೆ. ಹುಡುಗನೊಬ್ಬ ಪಿಸ್ತೂಲಿನಂಥ ಸಾಧನವನ್ನು ಹಿಡಿದು ಬಣ್ಣದ ಪುಡಿಯನ್ನು ಊದುತ್ತಾನೆ. ಹೊರಬರುವಾಗಲೇ ಪುಡಿಗೆ ವಿದ್ಯುತ್ತಿನ ಆವೇಶ. ತಲೆ ಬಾಚಿದ ಹಣಿಗೆ ಕಾಗದದ ಚೂರುಗಳನ್ನು ಎಳೆದುಕೊಳ್ಳುತ್ತದಲ್ಲ, ಹಾಗೆ ಕಬ್ಬಿಣ ಪುಡಿಯನ್ನು ಎಳೆದುಕೊಳ್ಳುತ್ತದೆ. ಹುಡುಗ ಮುಂದಿನಿಂದ ಊದಿದರೂ ಕೊಳವೆಯ ಹಿಂಬದಿಗೂ ಪುಡಿ ತಾನಾಗಿ ಹೋಗಿ ಅಂಟುತ್ತದೆ. ಇಕ್ಕಟ್ಟಿನ ಮೂಲೆಗಳಿಗೆ ಮಾತ್ರ ಎಷ್ಟು ಊದಿದರೂ ಒಳಗೆ ಹೋಗಲೊಲ್ಲದು.

ಆಗ ಬೆರಳಿಟ್ಟು ಒರೆಸಿದರೆ ಎಲ್ಲವೂ ಅಳಿಸಿಹೋಗುತ್ತದೆ. ಗಟ್ಟಿಯಾಗಬೇಕಾದರೆ ಬೇಯಬೇಕು. ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನ ಕೋಣೆಯಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಪುಡಿ ಕರಗಿ, ಹರಡಿ, ಮತ್ತೆ ಕರಗದಂತೆ ಹೆಪ್ಪುಗಟ್ಟುತ್ತದೆ. ದಪ್ಪ 60ರಿಂದ 100 ಮೈಕ್ರಾನ್, ಎಂದರೆ ಹೆಚ್ಚುಕಡಮೆ ಒಂದು ತಲೆಗೂದಲಿನಷ್ಟು. ಅಷ್ಟೇ ತಾನೆ ಎನ್ನಬೇಡಿ. ಬೇರಿಂಗು ಕೂರುವ ಗುಂಡಿಗೆ ತಲೆಗೂದಲಿನಷ್ಟು ದಪ್ಪದ ಬಣ್ಣ ಬಿದ್ದರೆ ಬೇರಿಂಗು ಕೂರುವುದಿಲ್ಲ. ಥ್ರೆಡ್ಡಿಗೆ ಬಿದ್ದರೆ ಬೋಲ್ಟು ಹತ್ತುವುದಿಲ್ಲ. ಅಂಥ ಕಡೆಗೆಲ್ಲ ಕಾವು ತಡೆಯುವ ಟೇಪು ಸುತ್ತಿ, ರಬ್ಬರ್ ಬಿರಡೆ ಹಾಕಬೇಕು.

ಶೆಡ್ಡಿನ ಯಜಮಾನರು ಅನುಭವಸ್ಥರು. ಪೆಟ್ರೋಲ್ ಟ್ಯಾಂಕನ್ನು ತಿರುಗಿಸಿ ನೋಡಿ, ತಳದಲ್ಲಿ ಎಂದೋ ಹಾಕಿದ್ದ ಬೆಸುಗೆಯನ್ನು ಉಗುರಿನಿಂದ ಕೆರೆದು, "ಇದು ಸೀಸದ ಬೆಸುಗೆ ಸಾರ್. ನಮ್ಮ ಒಲೆಗೆ ಹೋದ್ರೆ ಕರಗಿ ನೀರಾಗತ್ತೆ. ಇದಕ್ಕೆ ಮಾಮೂಲಿ ಬಣ್ಣಾನೇ ಹೊಡೆಸಿ," ಎಂದು ವಾಪಸು ಕೊಟ್ಟರು. ಮಡ್‌ಗಾರ್ಡಿನ ತಗ್ಗಿಗೆ ತುಂಬಿದ್ದ ಪುಟ್ಟಿಯೂ ಆ ಕಾವಿಗೆ ನಿಲ್ಲದಂತೆ. ಅದನ್ನು ತೆಗೆದು ತಗಡನ್ನೇ ತಟ್ಟಿ ಸರಿಮಾಡಿಸಿ ತರಲು ಹೇಳಿದರು. ಆಮೇಲೆ ಕನ್ನಡಕ ಏರಿಸಿ ಚೌಕಟ್ಟಿನ ಮೇಲೆ ಒತ್ತಿದ್ದ ಚಾಸಿ ನಂಬರನ್ನು ಹುಡುಕಿ ಅದರ ಮೇಲೆ ತಾವೇ ಟೇಪು ಅಂಟಿಸಿದರು. "ಇದು ಬಣ್ಣದಲ್ಲಿ ಮುಚ್ಚಿಹೋದ್ರೆ ಆರ್.ಟಿ.ಓ.ನಲ್ಲಿ ನಿಮ್ಮ ಗಾಡಿ ನಿಮ್ಮದಲ್ಲ ಅಂತಾರೆ." ಕೊನೆಗೆ ಉಳಿದ ಸಾಮಾನುಗಳ ಚೀಲವನ್ನು ಮುಂದೆ ಸುರಿದುಕೊಂಡು, "ಇಷ್ಟೂ ಬ್ಲಾಸ್ಟಿಂಗಿಗೆ ಹಾಕಬಹುದಲ್ವಾ? ಒಂದ್ಸಲ ನೋಡ್ಕೊಂಡ್ಬಿಡಿ," ಎಂದರು. ನಾನು ನೋಡಿದೆ. ಹಾಕಿ ಎಂದೆ.

ಅವರು ಕೇಳಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ನಾಲ್ಕನೆಯ ದಿನ ಸಾಮಾನು ಬಂತು. ಹಳೆಯ ಜಾವದ ಕೆಂಗಂದು ಬಣ್ಣವನ್ನು ಅಂಗಡಿಯ ಪಟ್ಟಿಯಲ್ಲಿ ಹುಡುಕಿ, ಆರ್.ಎ.ಎಲ್. 3005 ಎಂಬ ದ್ರಾಕ್ಷಾರಸದ ಬಣ್ಣಕ್ಕೆ ಒಪ್ಪಿಕೊಂಡಿದ್ದೆ. ಅಪ್ಪನ ಗಾಡಿಯ ಬಣ್ಣಕ್ಕಿಂತ ಒಂದು ಎಳೆ ಕಪ್ಪು. ಆದರೂ ಏನು ಹೊಳಪು! ಒಂದೊಂದನ್ನೇ ಕಾಗದದಿಂದ ಬಿಚ್ಚಿ ಹಾಲಿನ ಚಾಪೆಯ ಮೇಲೆ ಜೋಡಿಸಿದೆ. ಅಮ್ಮ ಸೀರೆ ಗಾರ್ಡನ್ನು ಕೈಗೆತ್ತಿಕೊಂಡು, "ಹೊಸ ಮದುಮಗಳ ಹಾಗಾಗಿದೆ," ಎಂದರು. ಆಮೇಲೆ ಸಲಕರಣೆ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ನೋಡಿ ಸುಮ್ಮನಾದರು.

ಸೀಟಿನ ಕೆಳಗೆ ಪಕ್ಕದಲ್ಲಿರುವ ಆ ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಅಪ್ಪ ಬಿಳಿಯ ಎನಾಮಲ್ ಬಣ್ಣದಲ್ಲಿ, ಸಣ್ಣ ಕುಂಚದಿಂದ ಬರೆದಿದ್ದರು: ‘ಲೀಟರಿಗೆ ಆಯಿಲ್ 40. ಅಳತೆ ತಪಿದರೆ ಎಂಜಿನ್ ಜಾಮು.’ ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಹೆಚ್ಚಾದರೆ ಹೊಗೆ, ಕಡಮೆಯಾದರೆ ಪಿಸ್ಟನ್ನು ಕಚ್ಚಿಕೊಂಡು ನಡುದಾರಿಯಲ್ಲಿ ನಿಲ್ಲುತ್ತದೆ. ‘ತಪ್ಪಿದರೆ’ ಎಂಬಲ್ಲಿ ಪಕಾರದ ಒತ್ತನ್ನು ಅಪ್ಪ ಮರೆತಿದ್ದರು. ಬರೆದಿರುವುದೇ ತಪ್ಪು ಎಂಬ ಪದ, ಅದರಲ್ಲೇ ತಪ್ಪು! ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡ ಹುಮ್ಮಸ್ಸಿನಲ್ಲಿ ನಾನೊಮ್ಮೆ ಪೆನ್ಸಿಲಿನಿಂದ ಒತ್ತು ಸೇರಿಸಿದ್ದೆ. ಅಪ್ಪ ಅದನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, "ಗಾಡಿಗೆ ವ್ಯಾಕರಣ ಬೇಡ ಕಣೋ, ಎಣ್ಣೆ ಬೇಕು," ಎಂದಿದ್ದರು.

ಬಿಚ್ಚುವ ಮೊದಲು ಜೋಡಿಸುವಾಗಿನ ಅನುಕೂಲಕ್ಕೆಂದು ನಾನು ಮೊಬೈಲಿನಲ್ಲಿ ಇನ್ನೂರು ಚಿತ್ರ ತೆಗೆದಿದ್ದೆ. ಅಂದು ರಾತ್ರಿ ಎಲ್ಲವನ್ನೂ ಹುಡುಕಿದೆ. ಪ್ರತಿಯೊಂದರಲ್ಲೂ ಆ ಮುಚ್ಚಳ ಮುಚ್ಚಿಯೇ ಇತ್ತು.

ವರ್ಷವರ್ಷವೂ ಎಂ.ಎ. ವಿದ್ಯಾರ್ಥಿಗಳಿಗೆ ನಾನು ಗ್ರಂಥ ಸಂಪಾದನೆ ಪಾಠ ಮಾಡುವವನು. ಡಿ. ಎಲ್. ನರಸಿಂಹಾಚಾರ್ಯರ ಪುಸ್ತಕವನ್ನು ಮುಂದಿಟ್ಟುಕೊಂಡು, ಲಿಪಿಕಾರನ ತಪ್ಪು ಕೂಡ ಸಾಕ್ಷ್ಯವೇ, ಅದನ್ನು ತಿದ್ದುವ ಮೊದಲು ಗುರುತು ಹಾಕಿಕೊಳ್ಳಿ ಎಂದು ಗಂಟಲು ಹರಿದುಕೊಳ್ಳುವವನು. ನನ್ನ ಮನೆಯ ಏಕೈಕ ಹಸ್ತಪ್ರತಿಯನ್ನು ನಾನೇ ಮರಳಿಗೆ ಕೊಟ್ಟು, ಮೇಲೆ 200 ಡಿಗ್ರಿಯಲ್ಲಿ ಬೇಯಿಸಿಕೊಂಡು ಬಂದಿದ್ದೆ. ಸರಕಾರಕ್ಕೆ ಬೇಕಾದ ಅಕ್ಷರಗಳು ಟೇಪಿನ ಅಡಿಯಲ್ಲಿ ಭದ್ರವಾಗಿ ಉಳಿದಿದ್ದವು.

ಗಾಡಿ ಜೋಡಣೆಯಾಯಿತು. ಹಾರನ್ನು ಮೊದಲು ಕೂಗಲಿಲ್ಲ, ದೀಪ ಹತ್ತಲಿಲ್ಲ. ಈ ಪುಡಿಲೇಪನ ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲವಂತೆ. ಮೇಸ್ತ್ರಿ ಅರ್ತು ತಾಗುವ ಕಡೆ ಒಂದಿಷ್ಟು ಹೊಸ ಬಣ್ಣವನ್ನು ಕೆರೆದು ಕಬ್ಬಿಣ ಕಾಣಿಸಿದಾಗ ಎಲ್ಲವೂ ಸರಿಹೋಯಿತು. ಅಷ್ಟು ಕೆರೆದದ್ದು ನನಗೇಕೋ ಸಮಾಧಾನವೆನ್ನಿಸಿತು.

ಟ್ಯಾಂಕಿನ ಗೆರೆ ಎಳೆಯಲು ಒಬ್ಬ ಬೋರ್ಡು ಬರೆಯುವವರನ್ನು ಮೇಸ್ತ್ರಿಯೇ ಕರೆತಂದ. ಫ್ಲೆಕ್ಸು ಬಂದ ಮೇಲೆ ಕೆಲಸ ಕಳೆದುಕೊಂಡವರು. ಕೈ ಮಾತ್ರ ಅಲುಗಲಿಲ್ಲ. ಅವರಿಂದ ಮುಚ್ಚಳದ ಬರವಣಿಗೆಯನ್ನೂ ಮತ್ತೆ ಬರೆಸಿಬಿಡೋಣವೆಂದು ಹೊಳೆಯಿತು. ಅಮ್ಮನನ್ನು ಕರೆದೆ. ಅಮ್ಮನ ಪ್ರಕಾರ ಅಲ್ಲಿ ಇದ್ದದ್ದು ‘ಆಯಿಲ್’ ಅಲ್ಲ, ‘ಎಣ್ಣೆ’. ಬೆಂಗಳೂರಿನ ತಮ್ಮನಿಗೆ ಫೋನು ಮಾಡಿದೆ. "40 ಅಲ್ಲ ಅಣ್ಣ, 50. ಆಮೇಲೆ ಕೆಳಗೆ ಇನ್ನೊಂದು ಸಾಲು ಇತ್ತು, ಒಂದು ತಾರೀಖು," ಎಂದ. ಯಾವ ತಾರೀಖು? ಅದು ಅವನಿಗೆ ನೆನಪಿಲ್ಲ. ನಾನಂತೂ ತಾರೀಖನ್ನು ಕಂಡವನೇ ಅಲ್ಲ. ಕಂಡಿರಲಿಲ್ಲವೋ, ಒತ್ತಕ್ಷರದ ಮೇಲೆಯೇ ಕಣ್ಣಿದ್ದುದರಿಂದ ನೋಡಿರಲಿಲ್ಲವೋ.

ಬೋರ್ಡಿನವರು ಕುಂಚ ಅದ್ದಿಕೊಂಡು, ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಕಾದಿದ್ದರು. "ಏನು ಬರೀಲಿ ಸಾರ್?"

"ಸದ್ಯಕ್ಕೆ ಗೆರೆ ಸಾಕು," ಎಂದೆ.

ಮುಚ್ಚಳದ ಒಳಗೆ ಈಗಲೂ ಏನೂ ಇಲ್ಲ. ಡಬ್ಬಿಯಲ್ಲಿ ಒಂದು ಸ್ಪಾನರು, ಪ್ಲಗ್ಗು, ಎಣ್ಣೆ ಅಳೆಯುವ ಔಷಧಿಯ ಲೋಟ, ಸೀಟು ಒರೆಸಲೆಂದು ಅಮ್ಮ ಮಡಿಸಿಟ್ಟ ಒಂದು ಹಳೆಯ ಸೀರೆಯ ಚೂರು ಇವೆ. ಲೀಟರಿಗೆ 40 ಹಾಕುತ್ತಿದ್ದೇನೆ. ಇದುವರೆಗೆ ಎಂಜಿನ್ನು ಜಾಮಾಗಿಲ್ಲ.